ದೊಡ್ಡ ಕ್ಯಾಮೆರಾ, ಸಣ್ಣ ಕ್ಯಾಮೆರಾ ಮತ್ತು ಸಾವಿತ್ರಿಯ ಗದ್ದ

ನಾಲ್ಕು ದಿನದಿಂದ ನಮ್ಮ ಮನೆಯಲ್ಲಿ ಎರಡು ಗಡಿಯಾರಗಳು ನಿಂತಿವೆ. ಪಡಸಾಲೆಯದು ಹತ್ತೂ ಇಪ್ಪತ್ತು ತೋರಿಸುತ್ತಿದೆ, ಅಡುಗೆಮನೆಯದು ಹತ್ತೂ ಹದಿಮೂರು. ಎರಡೂ ನಿಂತದ್ದು ಒಂದೇ ಗಳಿಗೆಯಲ್ಲಿ. ಪಡಸಾಲೆಯದು ಮೊದಲಿನಿಂದಲೂ ಏಳು ನಿಮಿಷ ಮುಂದೆ ಓಡುವ ಸ್ವಭಾವದ್ದು. ಕೆಟ್ಟಿಲ್ಲ, ಒಂದೊಂದು ಸೆಲ್ ಹಾಕಿದರೆ ನಡೆಯುತ್ತವೆ. ಆದರೆ ಆ ಸೆಲ್ಲುಗಳು ಈಗ ಒಂದು ಹಳೆಯ ಪುಟ್ಟ ಕ್ಯಾಮೆರಾದ ಹೊಟ್ಟೆಯಲ್ಲಿವೆ. ಆ ಕ್ಯಾಮೆರಾ ತೋರಿಸಿದ ಒಂದು ಚಿತ್ರದಲ್ಲಿ ಸಿಂದಗಿಯ ಒಬ್ಬ ಮನುಷ್ಯನ ಮಾನ ಸಿಕ್ಕಿಕೊಂಡಿದೆ. ಹದಿನೈದು ವರ್ಷಕ್ಕೂ ಮೇಲೆ ನಾನು ಅವನ ತಲೆಗೆ ಕಟ್ಟಿದ್ದ ತಪ್ಪು ಅವನದಲ್ಲ. ಇಷ್ಟು ಗೊತ್ತಾದ ಮನೆಯಲ್ಲಿ ಗಂಟೆ ಎಷ್ಟಾಯಿತು ಎಂದು ಯಾರು ಕೇಳುತ್ತಾರೆ, ನೀವೇ ಹೇಳಿ.

ನನ್ನ ತಂಗಿ ಸಾವಿತ್ರಿಯ ಮಗಳು ಅಮೃತಾ ಮುದ್ದೇಬಿಹಾಳದ ನಮ್ಮ ಮನೆಯಲ್ಲಿದ್ದು ಪಿಯುಸಿ ಓದುತ್ತಾಳೆ. ಭಾನುವಾರ ಬೆಳಿಗ್ಗೆ ನಾನು ಪೇಪರ್ ಹಿಡಿದು ಕುಳಿತಿದ್ದಾಗ ಎದುರಿಗೆ ಬಂದು ನಿಂತಳು.

"ಮಾಮಾ, ನಿಮ್ಮ ಕಡೆ ಹಳೇ ಡಿಜಿಟಲ್ ಕ್ಯಾಮೆರಾ ಐತಂತಲ್ರಿ?"

"ಐತಿ. ಯಾಕವ್ವಾ? ನಿನ್ನ ಫೋನಿಗೆ ಏನಾತು?"

"ಏನೂ ಆಗಿಲ್ರಿ. ಅದರಾಗ ಫೋಟೋ ಭಾಳ ಚಲೋ ಬರ್ತಾವು, ಅದ ತ್ರಾಸು. ಕಾಲೇಜಿನ್ಯಾಗ ಈಗ ಎಲ್ಲಾರೂ ಸಣ್ಣ ಹಳೇ ಕ್ಯಾಮೆರಾ ಹುಡುಕಾಕತ್ತಾರ. ಜರಾ ಕೆಟ್ಟ ಬರಬೇಕ್ರಿ ಫೋಟೋ. ಆವಾಗ ಖರೇ ಅನಸ್ತೈತಿ."

ಫೋಟೋ ಕೆಡದಂತೆ ನೋಡಿಕೊಳ್ಳುವುದರಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಇದು ಮೊದಲ ಪೆಟ್ಟು. ಆದರೂ ಎದ್ದು ತಿಜೋರಿ ತೆಗೆದೆ. ಕೆಳಗಿನ ಖಾನೆಯಲ್ಲಿ, ಹಳೆಯ ಶಾಲಿನಲ್ಲಿ ಸುತ್ತಿಟ್ಟ ಎರಡು ಗಂಟುಗಳಿದ್ದವು. ಹೊರಸಿನ ಮೇಲೆ ಪೇಪರ್ ಹಾಸಿ ಎರಡನ್ನೂ ಅಕ್ಕಪಕ್ಕ ಇಟ್ಟೆ.

ದೊಡ್ಡದು ನನ್ನದು, ಡಿಎಸ್ಎಲ್ಆರ್. ವಿಜಯಪುರದ ಒಬ್ಬ ಪತ್ರಿಕಾ ಛಾಯಾಗ್ರಾಹಕ ಹೊಸದು ಕೊಂಡಾಗ ಇದನ್ನು ನನಗೆ ದಾಟಿಸಿದ್ದ. ಒರಳಿನ ಗುಂಡಿನಂಥ ತೂಕ. ಕೊರಳಿಗೆ ಹಾಕಿಕೊಂಡು ಒಂದು ಮದುವೆ ಮುಗಿಸಿದರೆ ಎರಡು ದಿನ ಕತ್ತು ತಿರುಗುತ್ತಿರಲಿಲ್ಲ. ಜನ ಅದನ್ನು ಗಾಂಭೀರ್ಯ ಎಂದುಕೊಳ್ಳುತ್ತಿದ್ದರು, ನಾನೂ ತಿದ್ದುತ್ತಿರಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಖಟಾಕ್ ಎಂದು ಎದ್ದು ಬೀಳುವ ಸದ್ದಿಗೆ ಹಟ್ಟಿಯಲ್ಲಿ ಕಟ್ಟಿದ ಎಮ್ಮೆ ಮೆಲುಕು ನಿಲ್ಲಿಸಿ ತಿರುಗಿ ನೋಡುತ್ತಿತ್ತು. ಯಾರ ಫೋಟೋ ತೆಗೆದರೂ ಅವರ ಹಿಂದಿನ ಗೋಡೆ, ಗೂಟ, ಒಣಹಾಕಿದ ಬಟ್ಟೆ, ಇಣುಕುವ ನೆರೆಯವರು ಎಲ್ಲವನ್ನೂ ಮಂಜು ಮಾಡಿ ಮುಖ ಒಂದನ್ನೇ ಎತ್ತಿ ಕೊಡುತ್ತಿತ್ತು. ಕಲೆ ಎಂದರೆ ಇದೇ ಎಂದು ನಾನು ಆಗ ಭಾಷಣ ಮಾಡುತ್ತಿದ್ದೆ.

ಸಣ್ಣದು ಸಾವಿತ್ರಿಯದು. ಸೋಪಿನ ಡಬ್ಬಿಯಷ್ಟು. ಮದುವೆಗೆ ಮುಂಚೆ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದಾಗ ತನ್ನ ಸಂಬಳದಲ್ಲಿ ಕೊಂಡದ್ದು. ಗುಂಡಿ ಒತ್ತಿದ ಮೇಲೆ ಅದು ಸ್ವಲ್ಪ ಯೋಚನೆ ಮಾಡುತ್ತಿತ್ತು. ಅಷ್ಟರಲ್ಲಿ ನಕ್ಕವರು ನಗು ನಿಲ್ಲಿಸಿರುತ್ತಿದ್ದರು. ಅದರ ಫೋಟೋಗಳಲ್ಲಿ ಎಲ್ಲರೂ ನಗು ಮುಗಿದ ಮುಖದವರು. ಮುಖ್ಯವಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಅದಕ್ಕೆ ತಿಳಿಯದು. ಮೂಗಿನಿಂದ ಹಿಡಿದು ಹಿಂದಿನ ಗೋಡೆಯ ಕ್ಯಾಲೆಂಡರಿನ ತಿಥಿಯವರೆಗೆ ಎಲ್ಲವೂ ಸ್ಪಷ್ಟ. ಸಾವಿತ್ರಿ ಅದರಲ್ಲಿ ತಾರೀಖು ಹೊಂದಿಸಲೇ ಇಲ್ಲ. ಹೀಗಾಗಿ ಅದರ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಬಸುರಿಗೆ ಮಾಡಿದ ಕುಬುಸ, ಕಡಲೆ ರಾಶಿ, ಎಮ್ಮೆ ಈದದ್ದು, ಅಜ್ಜಿ ಸತ್ತದ್ದು ಎಲ್ಲವೂ ಜನವರಿ ಒಂದರಂದೇ ನಡೆದಿವೆ.

"ಮಾಮಾ, ನಿಮ್ಮದು ನಾಲ್ಕು ಮೆಗಾಪಿಕ್ಸೆಲ್, ನಮ್ಮವ್ವಂದು ಹತ್ತು!" ಎಂದು ಅಮೃತಾ ಕ್ಯಾಮೆರಾದ ಮೈಮೇಲಿನ ಅಕ್ಷರ ಓದಿ ನಕ್ಕಳು. "ಇಷ್ಟು ದೊಡ್ಡ ಮೈಯಾಗ ಏನ್ ತುಂಬೇರ್ರಿ ಮತ್ತ?"

"ಅಹಂಕಾರ" ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಉತ್ತರ ಕೊಟ್ಟಳು.

ದೊಡ್ಡದರ ಬ್ಯಾಟರಿ ಉಬ್ಬಿ ಹೋಗಿತ್ತು. ಅಂಥ ಬ್ಯಾಟರಿ ಈಗ ಮುದ್ದೇಬಿಹಾಳದಲ್ಲಿರಲಿ, ವಿಜಯಪುರದಲ್ಲೂ ಸಿಗದು. ಸಣ್ಣದು ಗೋಡೆ ಗಡಿಯಾರದ ಸೆಲ್ ತಿನ್ನುವ ಬಡಪ್ರಾಣಿ. ಅಮೃತಾ ಕುರ್ಚಿ ಹತ್ತಿ ಎರಡೂ ಗಡಿಯಾರಗಳಿಂದ ಸೆಲ್ ಕಿತ್ತು ಅದರೊಳಗೆ ಹಾಕಿದಳು. ಕ್ಯಾಮೆರಾ ಕುಂಯ್ ಎಂದು ಮೂಗು ಮುಂದೆ ಚಾಚಿತು. ಜೀವ ಇತ್ತು! ಅಷ್ಟು ವರ್ಷ ಶಾಲಿನೊಳಗೆ ಸತ್ತಂತೆ ಮಲಗಿದ್ದದ್ದು ಎದ್ದು ಕೂತಿತು.

ಅದು ತೋರಿಸಿದ್ದನ್ನು ಹೇಳುವ ಮೊದಲು ನನ್ನ ನೆನಪಿನ ಯೋಗ್ಯತೆ ಎಂಥದ್ದು ಎಂದು ನಿಮಗೆ ತಿಳಿಸಿಬಿಡಬೇಕು. ನಾವು ಕನ್ನೊಳ್ಳಿಯವರು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಗೆ ಫೋಟೋ ತೆಗೆಯುವವನು ಬಂದಿದ್ದ. ಮೂರು ಕಾಲಿನ ಪೆಟ್ಟಿಗೆ, ಅದರ ಮೇಲೆ ಕರಿ ಬಟ್ಟೆ. ಮೊದಲ ಸಾಲಿನಲ್ಲಿ ನಡುವೆ ಕೂತು, ಇಯತ್ತೆಯ ಹೆಸರು ಬರೆದ ಪಾಟಿಯನ್ನು ತೊಡೆಯ ಮೇಲೆ ಹಿಡಿದವನು ನಾನೇ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಕೆಂಪಿರುವೆ ನನ್ನ ಮೊಣಕಾಲಿನ ಮೇಲೆ ಹತ್ತಿ ಚಡ್ಡಿಯ ಕಡೆಗೆ ಹೊರಟಿತ್ತು. ಅಲುಗಾಡಿದರೆ ಮಾಸ್ತರರು ಹೊಡೆಯುತ್ತಾರೆಂದು ಉಸಿರು ಹಿಡಿದು ಕುಳಿತಿದ್ದೆ. ಎಷ್ಟೋ ವರ್ಷದ ಮೇಲೆ ಆ ಫೋಟೋ ಸಿಕ್ಕಿತು. ಪಾಟಿ ಹಿಡಿದವನು ನನ್ನ ಇಯತ್ತೆಯ ಗುರಪ್ಪ. ನಾನು ಮೊದಲ ಸಾಲಿನಲ್ಲೂ ಇಲ್ಲ, ಕೊನೆಯ ಸಾಲಿನಲ್ಲೂ ಇಲ್ಲ. ಅವ್ವ ನೋಡಿ, "ನೀ ಎಲ್ಲಿರ್ತಿ ಅದರಾಗ? ಆವಾಗ ನಿನಗ ಮಂಗಬಾವು ಆಗಿತ್ತಲ್ಲ. ಇಂಡಿ ಊರಾಗ ಸೋದರತ್ತಿ ಮನ್ಯಾಗ ಎರಡೂ ಗಲ್ಲಕ್ಕ ಕರೀ ಲೇಪ ಹಚ್ಚಿಕೊಂಡು, ಲಿಂಬಿ ಚೀಲದ ಮ್ಯಾಲ ಕುಂತಿದ್ದಿ" ಎಂದಳು.

ಹಾಗಾದರೆ ನನ್ನ ಮೊಣಕಾಲಿನ ಮೇಲೆ ಹರಿದ ಆ ಇರುವೆ ಯಾರದು? ಗುರಪ್ಪನದೇ? ಅವನು ಹೇಳಿದ್ದನ್ನು ಕೇಳಿ ಕೇಳಿ ನಾನು ನನ್ನ ಮೊಣಕಾಲಿಗೆ ಬಿಟ್ಟುಕೊಂಡೆನೆ? ಗೊತ್ತಿಲ್ಲ. ಈಗಲೂ ನೆನೆದರೆ ಅಲ್ಲಿ ತುರಿಸುತ್ತದೆ. ನನ್ನ ನೆನಪು ಇಂಥದ್ದು. ಎಷ್ಟು ಸ್ಪಷ್ಟವೋ ಅಷ್ಟು ಸುಳ್ಳು.

ಇನ್ನು ಸಂಗಣ್ಣನ ಕಥೆ. ಮೊದಲು ನಾನು ಅದನ್ನು ಹೇಳುತ್ತಿದ್ದ ಬಗೆಯಲ್ಲೇ ಹೇಳುತ್ತೇನೆ.

ಸಂಗಣ್ಣನದು ಸಿಂದಗಿಯಲ್ಲಿ ಫೋಟೋ ಸ್ಟುಡಿಯೋ. ಮುಖ ತೊಳೆಯುವುದರಲ್ಲಿ ಅವನು ಪ್ರಸಿದ್ಧ. ಮಚ್ಚೆ, ಮೊಡವೆ, ಸಿಡುಬಿನ ಗುಂಡಿ, ಬೋಳು ಹಣೆ ಯಾವುದೂ ಅವನ ಕೈಯಿಂದ ಉಳಿದು ಹೊರಗೆ ಬರುತ್ತಿರಲಿಲ್ಲ. ಸತ್ತ ಹಿರಿಯರ ಫೋಟೋ ಮಾಡಿಸಲು ಹೋದರೆ, ಯಾವುದೋ ಮದುವೆಯ ಗುಂಪಿನಿಂದ ಬನಿಯನ್ ಮೇಲಿದ್ದ ತಲೆ ಎತ್ತಿ ಕೋಟಿನೊಳಗೆ ಕೂಡಿಸಿ ಕೊಡುತ್ತಿದ್ದ. ಕೋಟು ಒಂದೇ. ನಮ್ಮ ತಾಲೂಕಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಹಿರಿಯರೆಲ್ಲ ಅದೇ ಬೂದು ಕೋಟು, ಅದೇ ಎಡ ಜೇಬಿನ ಪೆನ್ನು ಧರಿಸಿ ಕುಳಿತಿದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ಸಹಿ ಮಾಡಲು ಬರುತ್ತಿರಲಿಲ್ಲ.

ಸಾವಿತ್ರಿಯ ಗದ್ದದ ಎಡಕ್ಕೆ ಹುಣಸೆ ಬೀಜದಷ್ಟು ಒಂದು ಬಿಳಿ ಕಲೆ ಇತ್ತು. ಇಂಡಿಯಿಂದ ಒಂದು ಸಂಬಂಧ ಬಂತು, ಲಿಂಬೆ ತೋಟದ ಮನೆತನ. ಮೊದಲು ಫೋಟೋ ಕಳಿಸಿ ಅಂದರು. ನನ್ನ ದೊಡ್ಡ ಕ್ಯಾಮೆರಾದಲ್ಲಿ, ನಮ್ಮ ಅಂಗಳದಲ್ಲೇ ನಾನು ತೆಗೆದೆ. ಪ್ರಿಂಟ್ ಹಾಕಲು ಸಂಗಣ್ಣನಿಗೆ ಕೊಟ್ಟೆ. ಅವನು ಚಟದಂತೆ ಅವಳ ಗದ್ದವನ್ನೂ ತೊಳೆದುಬಿಟ್ಟ. ನಾವು ಯಾರೂ ಗಮನಿಸದೆ ಲಕೋಟೆಗೆ ಹಾಕಿ ಕಳಿಸಿದೆವು.

ಗಂಡಿನ ಕಡೆಯವರು ನೋಡಲು ಬಂದರು. ಅವಲಕ್ಕಿ ಆಯಿತು. ಗಂಡಿನ ತಾಯಿ ಒಳ್ಳೆಯ ಹೆಂಗಸು. ಸಾವಿತ್ರಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಗದ್ದಕ್ಕ ಸುಣ್ಣ ಹತ್ತೇತಲ್ಲವ್ವಾ" ಎಂದು ಸೆರಗಿನ ತುದಿಯನ್ನು ನೀರಿನ ಗ್ಲಾಸಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದರು. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದರು. ಮೂರನೆಯ ಸಲ ಅವರ ಕೈ ನಡುವೆಯೇ ನಿಂತಿತು. ಚೀಲದಿಂದ ಫೋಟೋ ತೆಗೆದು ಸಾವಿತ್ರಿಯ ಮುಖದ ಪಕ್ಕ ಹಿಡಿದು ನೋಡಿದರು.

"ಕಲಿ ಇದ್ರ ಇರ್ಲ್ರಿ, ಯಾರ ಮೈಮ್ಯಾಲ ಏನಿಲ್ಲ. ಮುಚ್ಚಿ ಕಳಿಸೂದು ಬ್ಯಾಡಾಗಿತ್ತು" ಎಂದು ಎದ್ದರು. ಚಹ ಆರುತ್ತಿತ್ತು.

"ಇದು ಸ್ಟುಡಿಯೋದವನ ಕೆಲಸ" ಎಂದು ನಮ್ಮಲ್ಲಿ ಯಾರೋ ಅಂದರು. ಮರುದಿನ ನಮ್ಮ ದೊಡ್ಡಪ್ಪ ನನ್ನನ್ನು ಕರೆದುಕೊಂಡು ಸಿಂದಗಿಗೆ ಹೋಗಿ, ಸಂಗಣ್ಣನನ್ನು ಅಂಗಡಿಯ ಹೊರಗೆ ಕರೆದು, ಎದುರಿನ ಚಹದಂಗಡಿಯ ಮಂದಿ ಎದ್ದು ನಿಂತು ನೋಡುವಂತೆ ಬೈದರು. ಸಂಗಣ್ಣ "ತಪ್ಪಾತ್ರಿ ಗೌಡ್ರ" ಎಂದಷ್ಟೇ ಹೇಳಿ ಒಳಗೆ ಹೋದ. ಅಲ್ಲಿಂದ ಕನ್ನೊಳ್ಳಿಯ ಸುತ್ತಮುತ್ತ, ಕನ್ಯೆಯ ಫೋಟೋ ಎಂದರೆ ಸಂಗಣ್ಣನ ಕಡೆ ಬೇಡ ಎಂಬ ಮಾತು ಹಬ್ಬಿತು. ಸ್ಟುಡಿಯೋ ಮುಚ್ಚಿತು. ಈಗ ಅವನು ಅದೇ ಜಾಗದಲ್ಲಿ ಫ್ಲೆಕ್ಸ್ ಬ್ಯಾನರ್ ಹಾಕಿಕೊಡುತ್ತಾನೆ.

ಕಥೆಗೆ ಒಂದು ಸಿಹಿ ಬಾಲವನ್ನೂ ನಾನು ಅಂಟಿಸಿದ್ದೆ. ಮುಂದೆ ಸಾವಿತ್ರಿ ತನ್ನ ಸಣ್ಣ ಕ್ಯಾಮೆರಾದಲ್ಲಿ ತೋಳು ಚಾಚಿ ತಾನೇ ತೆಗೆದುಕೊಂಡ ಕಲೆಯುಳ್ಳ ಫೋಟೋ ಕಳಿಸಿದಳು, ಅದನ್ನು ನೋಡಿ ಬಸವನ ಬಾಗೇವಾಡಿಯ ಹುಡುಗ ಒಪ್ಪಿ ಬಂದ; ದೊಡ್ಡ ಕ್ಯಾಮೆರಾ ಮುರಿದ ಮದುವೆಯನ್ನು ಸಣ್ಣ ಕ್ಯಾಮೆರಾ ಕೂಡಿಸಿತು. ನಾನು ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ. ಒಮ್ಮೆ ಬರೆದು ಅಚ್ಚು ಮಾಡಿಸಿದ್ದೂ ಉಂಟು. ಅದರಲ್ಲಿ ಸಂಗಣ್ಣ ಕತ್ತಲೆ ಕೋಣೆಯಲ್ಲಿ ಕುಳಿತು, ರಸಾಯನದ ವಾಸನೆಯ ನಡುವೆ, ಬೆಕ್ಕಿನ ಮೀಸೆಯಂಥ ಕುಂಚದಿಂದ ಸಾವಿತ್ರಿಯ ಗದ್ದಕ್ಕೆ ಬಣ್ಣ ಹಚ್ಚುವ ದೃಶ್ಯವಿತ್ತು. ಓದಿದವರು ಮೆಚ್ಚಿದರು.

ತಡೆಯಿರಿ. ಡಿಜಿಟಲ್ ಫೋಟೋಕ್ಕೆ ಎಲ್ಲಿಯ ರಸಾಯನ, ಎಲ್ಲಿಯ ಕುಂಚ? ನಾನು ಕೊಟ್ಟದ್ದು ಒಂದು ಸಿಡಿ. ಸಂಗಣ್ಣನ ಕತ್ತಲೆ ಕೋಣೆ ಆಗಲೇ ಗೋದಾಮು ಆಗಿತ್ತು. ಇಷ್ಟು ವರ್ಷ ನನಗೂ ಇದು ಹೊಳೆದಿರಲಿಲ್ಲ, ಓದಿದ ಒಬ್ಬರಿಗೂ ಹೊಳೆದಿರಲಿಲ್ಲ.

ಈಗ ಭಾನುವಾರಕ್ಕೆ ಬನ್ನಿ. ಅಮೃತಾ ಹೊರಸಿನ ಮೇಲೆ ಕೂತು ಸಣ್ಣ ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಫೋಟೋ ಸರಿಸುತ್ತಿದ್ದಳು. ಎಮ್ಮೆ. ಅಜ್ಜಿಯ ಪಾದ. ಯಾರದೋ ಬೆನ್ನು. ರೊಟ್ಟಿ ಬುಟ್ಟಿ. "ಅಯ್ಯ, ನಮ್ಮವ್ವ ಎಷ್ಟು ತೆಳ್ಳಗ ಇದ್ಲು!" ಎಂದಳು. ಗುಂಡಿ ಒತ್ತಿ ಚಿತ್ರವನ್ನು ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು.

"ಮಾಮಾ, ಇಲ್ಲಿ ನೀವು ಏನ್ ಮಾಡಾಕತ್ತೀರಿ?"

ನೋಡಿದೆ. ಕನ್ನೊಳ್ಳಿಯ ಮನೆಯ ಪಡಸಾಲೆ. ಕಿಟಕಿಯಿಂದ ಹಗಲು ಬೆಳಕು. ಕಂಪ್ಯೂಟರಿನ ಮುಂದೆ, ಕ್ಯಾಮೆರಾಕ್ಕೆ ಬೆನ್ನು ಮಾಡಿ ಒಬ್ಬ ಕುಳಿತಿದ್ದಾನೆ. ಚೌಕಳಿ ಅಂಗಿ ನನ್ನದು. ನೆತ್ತಿಯ ಮೇಲೆ ಆಗ ತಾನೇ ಶುರುವಾಗಿದ್ದ ಬೋಳು ನನ್ನದು. ಆ ದಪ್ಪ ಮಾನಿಟರಿನ ತುಂಬ ಸಾವಿತ್ರಿಯ ಮುಖ. ಗದ್ದದ ಕಲೆ ಅರ್ಧ ಇದೆ, ಅರ್ಧ ಇಲ್ಲ. ಇಲ್ಲದ ಅರ್ಧದ ಅಂಚಿನಲ್ಲಿ ಒಂದು ಸಣ್ಣ ದುಂಡು ಗೆರೆ ನಿಂತಿದೆ. ಕೆನ್ನೆಯ ಚರ್ಮ ಎತ್ತಿ ಗದ್ದಕ್ಕೆ ಅಂಟಿಸುವ ಕಂಪ್ಯೂಟರ್ ಉಪಕರಣದ ಗುರುತು. ನನ್ನ ಬಲಗೈ ಮೌಸಿನ ಮೇಲಿದೆ.

ಆ ದೊಡ್ಡ ಕ್ಯಾಮೆರಾದಲ್ಲಿ ನಾನು ತೆಗೆದ ಸಾವಿರಾರು ಫೋಟೋಗಳಲ್ಲಿ ನಾನೇ ಇಲ್ಲ. ಯಾವಾಗಲೂ ಅದರ ಹಿಂದೆಯೇ ಇದ್ದವನು. ಈ ಚಿತ್ರವನ್ನು ಅದರಿಂದ ತೆಗೆದಿದ್ದರೆ ನನ್ನ ಬೆನ್ನು ಒಂದೇ ಚೊಕ್ಕವಾಗಿ ಬಂದು, ಮುಂದಿನ ಪರದೆ ಮಂಜಾಗಿ ಹೋಗಿ, ನಾನು ಬಚಾವಾಗುತ್ತಿದ್ದೆ. ಈ ಸೋಪಿನ ಡಬ್ಬಿಗೆ ಏನನ್ನು ಬಿಡಬೇಕು ಎಂಬ ಸಂಸ್ಕಾರವೇ ಇಲ್ಲ. ಬೋಳು, ಅಂಗಿ, ಬೆರಳು, ಗದ್ದ, ಗೆರೆ ಎಲ್ಲ ಇತ್ತು.

ಆ ಮಧ್ಯಾಹ್ನವನ್ನು ನೆನಪಿಸಿಕೊಳ್ಳಲು ನೋಡಿದೆ. ಏನೂ ಇಲ್ಲ. ಪೂರ್ತಿ ಖಾಲಿ. ಸಂಗಣ್ಣನ ಕುಂಚ ಮಾತ್ರ ಕಣ್ಣ ಮುಂದೆ ಬಂತು, ರಸಾಯನದ ವಾಸನೆ ಸಮೇತ. ಮರೆವು ಎಂದರೆ ಒರೆಸಿ ಹೋಗುವುದು ಎಂದುಕೊಂಡಿದ್ದೆ. ನನ್ನದು ಹಾಗಲ್ಲ. ಬೇರೆಯವನ ಕೆನ್ನೆಯ ಚರ್ಮ ಎತ್ತಿ ತಂದು ಅಂಟಿಸಿ, ಅಂಚು ಕಾಣದಂತೆ ತಿಕ್ಕಿಬಿಟ್ಟಿತ್ತು.

"ಸ್ಟುಡಿಯೋದಾವ ಅಳಸಿದ ಅಂತ ಹೇಳ್ತಿದ್ರೆಲ್ರಿ ನೀವು?" ಎಂದಳು ಅಮೃತಾ. ಅವಳು ಕ್ಯಾಮೆರಾವನ್ನು ಪೇಪರಿನ ಮೇಲಿಟ್ಟು ಒಳಗೆ ಹೋದಳು. ಇಷ್ಟರ ಮೇಲೆ ಇನ್ನೊಂದು ಆಗಲೇ ಹೊಳೆಯಿತು: ಈ ಫೋಟೋ ತೆಗೆದವರು ಯಾರು? ಕ್ಯಾಮೆರಾ ಸಾವಿತ್ರಿಯದು. ಅವಳು ನನ್ನ ಬೆನ್ನ ಹಿಂದೆ ನಿಂತಿದ್ದಳು.

ಸೋಮವಾರ ಮೊದಲ ಬಸ್ಸಿಗೆ ಬಸವನ ಬಾಗೇವಾಡಿಗೆ ಹೋದೆ. ಸಾವಿತ್ರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಲೆ ಈಗ ಗದ್ದ ದಾಟಿ ಕೊರಳಿಗೆ, ಎರಡೂ ಕೈಗಳಿಗೆ ಹಬ್ಬಿದೆ. ಬೆರಳುಗಳ ಮೇಲೆ ಹಿಟ್ಟು ಯಾವುದು, ಕಲೆ ಯಾವುದು ತಿಳಿಯುವುದಿಲ್ಲ. ಅವಳಿಗೆ ಅದರ ಖಬರೂ ಇಲ್ಲ. ನಾನು ಕ್ಯಾಮೆರಾ ತೆಗೆದು, ಆ ಚಿತ್ರ ತೆರೆದು ಅವಳ ಮುಂದೆ ಹಿಡಿದೆ. ನೋಡಿದಳು. ರೊಟ್ಟಿ ತಿರುವಿ ಹಾಕಿದಳು.

"ಕಡಿಗೂ ಸೆಲ್ ಹಾಕಿದ್ಯಾ?"

"ನಿನಗ ಗೊತ್ತಿತ್ತೇನು?"

"ನಾನಽ ತಗದೀನಿ, ನನಗ ಗೊತ್ತಿರೂದಿಲ್ಲೇನು? ನೀ ಅಳಸಾಕತ್ತಿದ್ದಿ. ನಾ ಹಿಂದ ಬಂದು ನಿಂತೆ. ಚಂದ ಕಾಣಾಕತ್ತಿತ್ತು ಮಾರಿ. ಪೂರಾ ಅಳಿಸಿದ ಮ್ಯಾಲ ಅದು ನಾನಽ ಅಲ್ಲ ಅನಸ್ತೈತಿ ಅಂತ, ಅರ್ಧ ಇದ್ದಾಗ ತಕ್ಕೊಂಡೆ."

"ಬ್ಯಾಡ ಅನಬೇಕಿಲ್ಲೇನು ಸಾವಿತ್ರಿ?"

"ಅನಬೇಕಿತ್ತು. ಅನಲಿಲ್ಲ. ಅಳಸಿದ್ದರಾಗ ನಂದೂ ಅರ್ಧ ಪಾಲೈತಿ, ಇಟ್ಕೊಳ್ಳೋಣು. ಆದ್ರ ಸಂಗಣ್ಣನ ಹೆಸರು ಹೇಳಿದ್ದು ನೀ ಒಬ್ಬಾಂವ."

"ಯಾರೋ ಅಂದ್ರು. ನಾ ಅಲ್ಲ."

"ಯಾರೋ ಅಲ್ಲ, ನೀ ಅಂದಿ. ಗಂಡಿನಾವ್ರು ಇನ್ನಾ ಹೊಸ್ತಿಲಾ ದಾಟಿದ್ದಿಲ್ಲ. ನಾ ಬಾಗಲ ಹಿಂದಽ ಇದ್ದೆ. ಆಮ್ಯಾಲ ಅದನ್ನ ಪೇಪರಿನ್ಯಾಗ ಬರದಿ, ಕುಂಚ ಅಂತ, ವಾಸನಿ ಅಂತ. ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ ನನಗ. ನನ್ನ ಗಂಡನ ಬಗ್ಗೆನೂ ಹಂಗಽ ಬರದಿ. ಯಾವ ಫೋಟೋ ನೋಡಿ ಬಂದಿದ್ದನೋ ಆತ? ನಿಡಗುಂದಿ ಬಸ್ಸಿನ್ಯಾಗ ಸೀಟಿಗೆ ಜಗಳಾ ಆಡಿದ್ವಿ ಇಬ್ರೂ. ಆಮ್ಯಾಲ ಮನಿ ಹುಡುಕ್ಕೋತ ಬಂದ."

ಅದೂ ಹೋಯಿತು. ಸಿಹಿ ಬಾಲವೂ ನನ್ನದೇ ತಯಾರಿಕೆ.

"ಸಂಗಣ್ಣಗ ಯಾರೂ ಹೇಳಲಿಲ್ಲಲ್ಲ" ಎಂದೆ.

"ಹದಿನೈದು ದಿವಸಕ್ಕ ನಾ ಹೋಗಿ ಇದನ್ನ ತೋರಿಸಿ ಬಂದೆ. ಆತಗ ತೋರಿಸಿದ್ದು ಸಾಕಾಗಿತ್ತು. ನಿನಗ ತೋರಿಸೂ ಜರೂರ ಏನಿತ್ತು, ಮಾಡಿದಾಂವ ನೀನ. ಮದುವ್ಯಾಗಿ ಬರಾಗ ಬೇಕಂತಽ ಈ ಡಬ್ಬಿ ನಿನ್ನ ಕೈಯಾಗ ಕೊಟ್ಟು ಬಂದೆ. ಎರಡು ಸೆಲ್ಲಿನ ಕೆಲಸ ಇತ್ತು." ಬುಟ್ಟಿಯಲ್ಲಿದ್ದ ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. "ಉಂಡು ಹೋಗು. ಸಿಂದಗಿಗೆ ಹೋಗೂ ಬಸ್ಸು ಹನ್ನೊಂದಕ್ಕೈತಿ."

ಹೋಗೆಂದು ಅವಳು ಹೇಳಲಿಲ್ಲ, ಗಮನಿಸಿ. ಬಸ್ಸಿನ ಹೊತ್ತು ಹೇಳಿದಳು.

ಸಂಗಣ್ಣ ಫ್ಲೆಕ್ಸ್ ಕತ್ತರಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದು ಸ್ಟೂಲ್ ಸರಿಸಿ, "ಬರ್ರಿ ಸರ, ಏನ್ ಬ್ಯಾನರ್ ಮಾಡಸೂದೈತ್ರಿ?" ಎಂದ. ನಾನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಸಾವಿತ್ರಿ ಫೋಟೋ ಅಳಸಿದಾಂವ ನಾ" ಎಂದುಬಿಟ್ಟೆ.

"ಗೊತ್ತೈತ್ರಿ" ಎಂದ.

"ಮತ್ತ ಆವತ್ತು ತಪ್ಪಾತ್ರಿ ಅಂತ ಯಾಕ ಅಂದ್ರಿ?"

ಸಂಗಣ್ಣ ಕತ್ತರಿ ಕೆಳಗಿಟ್ಟ. "ದಿನಾ ಎಷ್ಟ ಮಾರಿ ತೊಳೀತಿದ್ನೋ ಲೆಕ್ಕ ಇದ್ದಿಲ್ರಿ ನನಗ. ಗೌಡ್ರು ಬೈಯಾಕತ್ರ, ಹೌದು, ನಾನಽ ತೊಳದಿರಬೇಕು ಅನಕೊಂಡೆ. ತೊಳದದ್ದು ನೆನಪೂ ಆತು ನೋಡ್ರಿ! ಹದಿನೈದು ದಿನ ಈ ಕೈ ನೋಡ್ಕೋತ ಕುಂತಿದ್ದೆ. ಒಂದು ಹುಡುಗಿ ಬಾಳೇವು ಕೆಡಿಸಿದ್ವಿ ಅಂತ ರೊಟ್ಟಿ ಇಳೀತಿದ್ದಿಲ್ಲ. ಆಮ್ಯಾಲ ಆಕಿನಽ ಬಂದು ತೋರಿಸಿದ್ಲು. ನಿಮ್ಮ ಬೋಳು ನೋಡಿ ಗುರುತು ಹಿಡದೆ."

ನಕ್ಕ. ನಾನೂ ನಗಬೇಕೋ ಏನೋ, ಆಗಲಿಲ್ಲ. ಮಾಡದೇ ಇದ್ದದ್ದನ್ನು ಅವನು ನೆನಪಿಸಿಕೊಂಡಿದ್ದ. ಮಾಡಿದ್ದನ್ನು ನಾನು ಮರೆತಿದ್ದೆ.

"ಈಗ ನಾ ಏನ್ ಮಾಡ್ಲಿ ಸಂಗಣ್ಣಾ?"

"ನನಗೇನೂ ಬ್ಯಾಡ್ರಿ. ಬೈದಾವ್ರು ಗೌಡ್ರು. ಅವರಿಗೆ ಹೇಳ್ರಿ. ಇನ್ನಾ ಅವರ ಕಣ್ಣಾಗ ತಪ್ಪು ಮಾಡಿದಾಂವ ನಾನಽ ಅದೀನಿ. ಹೋದ ವರ್ಷ ಬಸ್ ಸ್ಟ್ಯಾಂಡಿನ್ಯಾಗ ನನ್ನ ನೋಡಿ ಮಾರಿ ತಿರುವಿದ್ರು."

ಇದು ಸುಲಭದ ಕೆಲಸವಲ್ಲ. ದೊಡ್ಡಪ್ಪನಿಗೆ ತೊಂಬತ್ತರ ಹತ್ತಿರ. ಕಣ್ಣು, ಕಾಲು, ನೆನಪು ಎಲ್ಲ ಗಟ್ಟಿ. ಕಿವಿ ಮಾತ್ರ ಹೋಗಿದೆ. ಕನ್ನೊಳ್ಳಿಯಲ್ಲಿ ಅವರ ಹೊತ್ತೆಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ. ಅವರಿಗೆ ಏನು ಹೇಳುವುದಿದ್ದರೂ ಇಡೀ ಓಣಿಗೆ ಹೇಳಿದಂತೆ. ಆ ಸಂಜೆ ನಾನು ಒಳಗೆ ಕರೆದೆ, ಬರಲಿಲ್ಲ. "ಗಾಳಿ ಚಲೋ ಐತಿ, ಇಲ್ಲೇ ಹೇಳು" ಎಂದರು. ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಜೋರ್ ಹೇಳೋ. ಗಂಟಲಾಗ ಏನ್ ಸಿಕ್ಕೈತಿ?"

ಜೋರಾಗಿ ಹೇಳಿದೆ. ನೀರಿನ ಕೊಡ ಹೊತ್ತ ಇಬ್ಬರು ಹೆಂಗಸರು ನಿಂತರು. ದೊಡ್ಡಪ್ಪ ಕೈ ಆಡಿಸಿದರು, ಕೇಳಲಿಲ್ಲ. ಮೂರನೆಯ ಸಲ ನಾನು ಕೂಗಿದೆ: "ಸಾವಿತ್ರಿ ಫೋಟೋದಾಗಿನ ಕಲಿ ಅಳಸಿದಾಂವ ಸಂಗಣ್ಣ ಅಲ್ಲ, ನಾ! ನಾನಽ ಅಳಸಿದ್ದೆ! ಸುಳ್ಳ ಹೇಳಿದ್ದೆ!" ಆಚೆ ಮನೆಯ ಬಾಗಿಲು ತೆರೆಯಿತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಎತ್ತುತ್ತಿದ್ದವರು ಬಗ್ಗಿ ನೋಡಿದರು. ಅಷ್ಟು ದೊಡ್ಡ ದನಿಯಲ್ಲಿ ನಾನು ಜೀವನದಲ್ಲಿ ಒಂದು ನಿಜವನ್ನೂ ಹೇಳಿದವನಲ್ಲ.

ದೊಡ್ಡಪ್ಪ ಕೋಲನ್ನು ಹತ್ತಿರ ಎಳೆದುಕೊಂಡರು.

"ಹಂಗಾದ್ರ ಆವತ್ತು ನಾ ಬೈದದ್ದು ಯಾರಿಗೆ?"

ಕೋಲು ಊರಿ ಎದ್ದರು.

"ನಾಳೆ ಮುಂಜಾನೆ ಆಟೋ ಹೇಳು" ಎಂದರು.

ಮಂಗಳವಾರ ಅವರು ಒಗೆದ ರುಮಾಲು ಸುತ್ತಿಕೊಂಡು ಬಂದರು. ಸಿಂದಗಿಯಲ್ಲಿ ಆಟೋ ಇಳಿದವರೇ ಅಂಗಡಿಯೊಳಗೆ ಹೋಗಲಿಲ್ಲ. ಹೊರಗೆ, ಆವತ್ತು ನಿಂತಲ್ಲೇ ನಿಂತರು; ಜಾಗವನ್ನು ಕೋಲಿನಿಂದ ತಟ್ಟಿ ಖಾತ್ರಿ ಮಾಡಿಕೊಂಡರು. "ಸಂಗಣ್ಣಾ, ಹೊರಗ ಬಾ" ಎಂದು ಕರೆದರು. ಸಂಗಣ್ಣ ಕೈ ಒರೆಸಿಕೊಳ್ಳುತ್ತ ಬಂದ. ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಕೂತವರು ಕಪ್ಪು ಹಿಡಿದುಕೊಂಡೇ ಎದ್ದರು.

"ಎಲ್ಲಾರೂ ಕೇಳ್ರಿ! ಒಂದ ಕಾಲಕ್ಕ ಇಲ್ಲಿ ನಿಂತು ನಾ ಈತಗ ಬೈದಿದ್ದೆ. ಆ ಬೈಗುಳ ಈತನವಲ್ಲ. ಇವನವು!" ಎಂದು ಕೋಲಿನಿಂದ ನನ್ನನ್ನು ತೋರಿಸಿದರು. ನಾನು ಅವರು ಕ್ಷಮೆ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಆವತ್ತಿನದನ್ನೆಲ್ಲ ಮೊದಲಿನಿಂದ ಶುರು ಮಾಡಿದರು.

"ಏ ಹೊಲಸು ಕೈಯವನಽ! ಹೊಟ್ಟಿಗೆ ರೊಟ್ಟಿ ತಿಂತಿಯೋ ಮಣ್ಣು ತಿಂತಿಯೋ? ದೇವರು ಬರದ ಮಾರಿ ತಿದ್ದಾಕ ನೀ ಯಾವ ಊರ ಬ್ರಹ್ಮನೋ? ನಿನ್ನ ಬೆರಳು ಸೇದಿ ಹೋಗ್ಲಿ! ನಿನ್ನ ಅಂಗಡಿಗೆ ಕೀಲಿ ಬೀಳ್ಲಿ!"

ನನಗೆ ಅಂಗಡಿ ಇಲ್ಲ. ಆದರೂ ಅದನ್ನು ಬಿಡಲಿಲ್ಲ. ಒಂದೊಂದೂ ಬಂದು ಹೊಡೆದ ಹಾಗಾಯಿತು, ಏಕೆಂದರೆ ಒಂದೊಂದೂ ನನಗೆ ಹೊಸದು. ಆವತ್ತು ಪಕ್ಕದಲ್ಲೇ ನಿಂತಿದ್ದವನು ನಾನು ಇವುಗಳಲ್ಲಿ ಒಂದನ್ನೂ ಕೇಳಿಸಿಕೊಂಡಿರಲಿಲ್ಲ. ಚಹದಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು, ಪಕ್ಕದವರು ಸುಮ್ಮನಿರಿಸಿದರು. ದೊಡ್ಡಪ್ಪ ಏದುಸಿರು ಬಿಡುತ್ತ ನಿಂತರು. ಮುಗಿಯಿತು ಎಂದು ಕೋಲು ಊರಿ ಆಟೋದ ಕಡೆ ಹೊರಳಿದರು.

"ಒಂದು ಬಿಟ್ರಿ ಗೌಡ್ರ" ಎಂದ ಸಂಗಣ್ಣ.

ಅವರಿಗೆ ಕೇಳಿಸಲಿಲ್ಲ. ಸಂಗಣ್ಣ ಮೆಟ್ಟಿಲು ಇಳಿದು ಬಂದು, ಅವರ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಂತೆ, ಒಂದಕ್ಷರವೂ ತಪ್ಪದಂತೆ ಹೇಳಿದ: "'ನಿನಗ ಅಕ್ಕ ತಂಗೇರು ಇಲ್ಲೇನೋ?' ಅಂದಿದ್ರಿ. ಅದನ್ನ ಬಿಟ್ರಿ."

ದೊಡ್ಡಪ್ಪ ಕಣ್ಣು ಮುಚ್ಚಿ ಯೋಚಿಸಿದರು. ಹೌದೆಂದು ತಲೆಯಾಡಿಸಿದರು. ಮತ್ತೆ ನನ್ನ ಕಡೆ ತಿರುಗಿದರು.

"ನಿನಗ ಅಕ್ಕ ತಂಗೇರು ಇಲ್ಲೇನೋ?"

ಉಳಿದವು ಬೈಗುಳ, ಸುಮ್ಮನೆ ನಿಂತು ತೆಗೆದುಕೊಂಡರೆ ಆಗುತ್ತಿತ್ತು. ಇದು ಪ್ರಶ್ನೆ. ಸಂಗಣ್ಣ ನನ್ನ ಮುಖ ನೋಡುತ್ತಿದ್ದ. ದೊಡ್ಡಪ್ಪ ಅಂಗೈಯನ್ನು ಕಿವಿಯ ಹಿಂದೆ ಹಿಡಿದು, ನಾನು ಎಷ್ಟು ಜೋರಾಗಿ ಕೂಗುತ್ತೇನೆಂದು ಕಾಯುತ್ತ ನಿಂತರು.